ಮುಖ ನೋಡುವ ಬಗೆ

"ಇನ್ನೂ ಸ್ವಲ್ಪ ಹತ್ರ ಬನ್ನಿ ಭಾವ. ಕೊನೇ ಸಲ ಮುಖ ನೋಡಿಬಿಡಿ," ಎಂದು ಹೆಂಡತಿಯ ತಂಗಿ ತೋಳು ಹಿಡಿದು ಎಳೆದಾಗ ಡ್ರೈವಿಂಗ್ ಮೇಷ್ಟ್ರು ಮಂಚದ ಮೇಲೆ ಬಗ್ಗಿದರು. ನೆಟ್ಟಗೆ ನೋಡಿದರು. ಬಿಳಿ ಹೊದಿಕೆ ಕಂಡಿತು, ಅದರ ಅಂಚಿಗೆ ಯಾರೋ ಇಟ್ಟ ಹೂವು ಕಂಡಿತು. ಮುಖ ಇರಬೇಕಾದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ ಒಂದು ಬೂದು ಮಸುಕು.

"ನೋಡಿದ್ರಾ?"

"ಹೂಂ. ನೋಡ್ದೆ."

ಶುದ್ಧ ಸುಳ್ಳು. ಮೇಷ್ಟ್ರ ಎರಡೂ ಕಣ್ಣುಗಳ ನಡುಭಾಗ ಸವೆದುಹೋಗಿ ವರ್ಷಗಳಾಗಿದ್ದವು. ಸುತ್ತಲಿನದು ಹೇಗೋ ಕಾಣುತ್ತದೆ. ಬಾಗಿಲಿಗೆ ಹಣೆ ಚಚ್ಚಿಕೊಳ್ಳದೆ ಓಡಾಡುತ್ತಾರೆ. ಆದರೆ ಯಾವುದನ್ನು ನೋಡೋಣವೆಂದು ಕಣ್ಣು ಹೊರಳಿಸುತ್ತಾರೋ ಅದೇ ಮಾಯವಾಗುತ್ತದೆ. ಹೆಂಡತಿಯ ಮುಖ ಹಾಗೆ ಮಾಯವಾದಾಗ ಅವರು ಅಷ್ಟೇನೂ ಗಾಬರಿಯಾಗಿರಲಿಲ್ಲ. ಮಸುಕಿನ ಮೇಲೆ ಹಿಂದಿನ ನೆನಪಿನ ಮುಖವನ್ನೇ ಅಂಟಿಸಿಕೊಂಡು ಹಾಯಾಗಿದ್ದರು. ಹೆಂಡತಿ ಹೇಳಿಕೊಡುವ ಹಾಗೆ ನೋಡುವುದನ್ನು ಆಮೇಲೆ ಕಲಿತರಾಯಿತು, ಇನ್ನೊಂದು ದಿನ ನೋಡಿದರಾಯಿತು ಎಂದುಕೊಂಡಿದ್ದರು. ಈಗ ಹೆಣ ಒಯ್ಯುವ ಗಾಡಿ ಗೇಟಿನ ಹೊರಗೆ ಬಂದು ನಿಂತಿತ್ತು. ಇನ್ನೊಂದು ದಿನ ಎನ್ನುವುದು ಇರಲಿಲ್ಲ.

ಪರದೆ ಎಳೆದ ಕೋಣೆಯಲ್ಲಿ ಜನ ನೀರಿನಡಿ ನಡೆದಾಡುವವರಂತೆ ತೇಲಿ ಬರುತ್ತಿದ್ದರು, ತೇಲಿ ಹೋಗುತ್ತಿದ್ದರು. ಯಾರಿಗೂ ಮುಖವಿಲ್ಲ. ಒಂದು ಕೈ ಬಂದು ಅವರ ಕೈ ಅದುಮುತ್ತದೆ, ಒಂದು ದನಿ "ಸಮಾಧಾನ ಮಾಡ್ಕೊಳ್ಳಿ" ಎನ್ನುತ್ತದೆ, ಬಣ್ಣವೊಂದು ಗೋಡೆಯೊಳಗೆ ಕರಗುತ್ತದೆ. ಇದೆಲ್ಲ ನಿದ್ದೆಯಲ್ಲಿ ನಡೆಯುತ್ತಿದೆಯೇನೋ, ಎಬ್ಬಿಸಲು ಆಕೆಯೇ ಬರುತ್ತಾಳೇನೋ ಎಂದು ಮೇಷ್ಟ್ರಿಗೆ ಎರಡು ಸಲ ಅನಿಸಿತು.

*

ಆಕೆ ಕೆಲಸ ಮಾಡುತ್ತಿದ್ದುದು ಕಣ್ಣಾಸ್ಪತ್ರೆಯ ಕಟ್ಟಕಡೆಯ ಕೋಣೆಯಲ್ಲಿ. ಆಪರೇಷನ್, ಔಷಧಿ ಎಲ್ಲ ಮುಗಿದು ಡಾಕ್ಟರು ತಲೆ ಅಲ್ಲಾಡಿಸಿದ ಮೇಲೆ ಜನ ಅಲ್ಲಿಗೆ ಬರುತ್ತಿದ್ದರು. ಹೋದದ್ದನ್ನು ತಂದುಕೊಡುವುದು ಆಕೆಯ ಕೆಲಸವಲ್ಲ. ಉಳಿದಿರುವ ಚೂರುಪಾರು ದೃಷ್ಟಿಯನ್ನು ಬಳಸುವುದು ಕಲಿಸುತ್ತಿದ್ದಳು. ಮಕ್ಕಳಿಗೆ ಓರೆ ಹಲಗೆ, ದಪ್ಪ ಗೆರೆಯ ಪುಸ್ತಕ, ಭೂತಗನ್ನಡಿ. ದೊಡ್ಡವರಿಗೆ ಬಸ್ಸಿನ ನಂಬರು ಓದುವುದು, ಹಾಲನ್ನು ಕಪ್ಪು ಲೋಟಕ್ಕೆ ಬಗ್ಗಿಸಿ ಅಳತೆ ತಿಳಿಯುವುದು. ಅಳುತ್ತ ಬಂದವರ ಎದುರು ಆಕೆ ಅಳುತ್ತಿರಲಿಲ್ಲ. "ಮೊದ್ಲು ದೀಪ ಹತ್ರ ಎಳ್ಕೊಳ್ಳಿ, ಆಮೇಲೆ ಅಳೋಣ" ಎನ್ನುತ್ತಿದ್ದಳಂತೆ.

ಊರಿಗೆಲ್ಲ ಕಲಿಸಿದವಳಿಗೆ ಮನೆಯ ಒಬ್ಬ ವಿದ್ಯಾರ್ಥಿ ಮಾತ್ರ ದಕ್ಕಲಿಲ್ಲ. ಒಂದು ಸಂಜೆ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಹಟ ಹಿಡಿದಳು.

"ನನ್ನ ಮುಖ ನೋಡ್ಬೇಡಿ. ಕಿವಿಯಿಂದ ಆಚೆ ನೋಡಿ. ಆಗ ಮುಖ ತಾನಾಗೇ ಪಕ್ಕದಲ್ಲಿ ಬರುತ್ತೆ."

"ಇಡೀ ಊರಿಗೆ ನೆಟ್ಟಗೆ ನೋಡಿ, ನೆಟ್ಟಗೆ ನೋಡಿ ಅಂತ ಗಂಟಲು ಹರ್ಕೊಂಡು ಡ್ರೈವಿಂಗ್ ಕಲಿಸ್ದೋನು ನಾನು. ಈಗ ಕಳ್ಳನ ಥರ ಓರೆಗಣ್ಣು ಬಿಡ್ಲಾ?"

"ಹೆಂಡ್ತೀನ ಕದ್ದು ನೋಡಿದ್ರೆ ಯಾರೂ ಪೊಲೀಸ್ ಕರೆಯಲ್ಲ ರೀ."

ಮೇಷ್ಟ್ರು ನಕ್ಕರು. ನಕ್ಕು ನೆಟ್ಟಗೇ ನೋಡಿದರು. "ನಿನ್ನ ಮುಖ ನಂಗೆ ಬಾಯಿಪಾಠ ಕಣೇ. ನೋಡೋ ಅಗತ್ಯಾನೇ ಇಲ್ಲ."

ನಿಜ ಹೇಳಬೇಕೆಂದರೆ ಅವರಿಗೆ ಭಯ. ಕಲಿಯಲು ಕೂತರೆ ಕುರುಡಾಗಿದ್ದೇನೆಂದು ಒಪ್ಪಿಕೊಂಡ ಹಾಗೆ. ಅದೂ ಹೆಂಡತಿಯ ಎದುರು. "ಬಾಯಿಪಾಠ ಮಾಡಿದ ಮೇಲೆ ಪಾಠ ಬದಲಾಗಿರುತ್ತೆ ರೀ," ಎಂದು ಆಕೆ ಎದ್ದು ಕಾಫಿಗೆ ಇಟ್ಟಳು.

*

"ಯಾರಿವ್ರೆಲ್ಲ?" ತಂಗಿ ಮೇಷ್ಟ್ರ ಕಿವಿಯಲ್ಲಿ ಸಿಡಿದಳು. "ಅಕ್ಕನ್ನ ನೋಡೋಕೆ ಬಂದು ಒಬ್ಬ ಬಾಗಿಲು ನೋಡ್ತಾನೆ, ಒಬ್ಬಳು ಗೋಡೆ ನೋಡ್ತಾಳೆ. ಅವಳ ಮುಖದ ಕಡೆ ತಿರುಗಿದ್ರೆ ಇವರ ಗಂಟೇನು ಹೋಗುತ್ತೆ?"

ಪಿಸುಮಾತು ಅವಳಿಗೆ ಯಾವತ್ತೂ ಒಗ್ಗಿದ್ದಲ್ಲ, ಕೋಣೆಗೆಲ್ಲ ಕೇಳಿಸಿತು.

"ನೋಡ್ತಾನೇ ಇದೀವಮ್ಮಾ," ಎಂದಿತು ಒಂದು ದಪ್ಪ ದನಿ. "ನಾವೆಲ್ಲ ಮೇಡಂ ಹತ್ರ ಕಲಿತೋರು. ನಮ್ಮ ನೋಟ ಹೀಗೇ. ನಂದು ಕಟಿಂಗ್ ಅಂಗಡಿ. ಗಿರಾಕಿ ತಲೆ ಮೇಲೆ ಕತ್ರಿ ಆಡಿಸ್ವಾಗ ಗೋಡೆ ಮೇಲಿನ ಗಡಿಯಾರ ನೋಡ್ತಿರ್ತೀನಿ. ಹೊಸಬರು ಹೆದರಿ ಎದ್ದೇ ಹೋಗ್ತಾರೆ."

ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ಮೂವರು ನಕ್ಕರು. ಮೇಷ್ಟ್ರು ನಗಲಿಲ್ಲ. ದನಿ ಬಂದ ಕಡೆ ಕೈ ಚಾಚಿದರು.

"ನಿಮಗೆ ಅವಳ ಮುಖ ಕಾಣ್ತಿದ್ಯಾ?"

"ಕಾಣ್ತಿದೆ. ನಿಮಗೆ?"

ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ. ಹೇಳಿಕೊಟ್ಳು. ನಾನೇ ಕಲೀಲಿಲ್ಲ."

"ಅಯ್ಯೋ ಭಾವ! ಆಗ್ಲೇ ನೋಡ್ದೆ ಅಂದ್ರಲ್ಲ," ಎಂದ ತಂಗಿಯ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

ಬಾಗಿಲಿನಿಂದ ಗಾಡಿಯವನು ಕೇಳಿದ: "ಹೊರಡೋಣ್ವಾ?"

"ಸ್ವಲ್ಪ ತಡಿಯಪ್ಪ," ಎಂದ ಕಟಿಂಗ್ ಅಂಗಡಿಯವನು, ತನ್ನದೇ ಮನೆಯೇನೋ ಎಂಬಂತೆ. "ಮೊದ್ಲು ಆ ಪರದೆ ತೆಗೀರಿ. ಹಾಂ. ಬಿಳಿ ದಿಂಬು, ಬಿಳಿ ಹೊದಿಕೆ, ಮುಖಾನೂ ಬಿಳಿಚಿಕೊಂಡಿದೆ. ಇದ್ರಲ್ಲಿ ಏನು ಕಂಡೀತು? ಕಪ್ಪನೇದು ಏನಾದ್ರೂ ಕೊಡಿ."

ತಂಗಿ ತನ್ನ ಕಡುನೀಲಿ ಶಾಲನ್ನೇ ಬಿಚ್ಚಿದಳು. ಎಚ್ಚರವಾಗಬಾರದೆಂಬಂತೆ ಅಕ್ಕನ ತಲೆಯನ್ನು ಮೆಲ್ಲಗೆ ಎತ್ತಿ, ಅದನ್ನು ಕೆಳಗೆ ಹಾಸಿದಳು. ಅಂಗಡಿಯವನು ಎರಡು ಬೆರಳಲ್ಲಿ ಮೇಷ್ಟ್ರ ಗದ್ದ ಹಿಡಿದ. ಎಷ್ಟೋ ಗದ್ದಗಳನ್ನು ತಿರುಗಿಸಿದ ಕೈ, ಸಂಕೋಚವೇ ಇರಲಿಲ್ಲ.

"ಕತ್ತು ಸಡಿಲ ಬಿಡಿ. ಹುಡುಕ್ಬೇಡಿ, ಹುಡುಕಿದ್ರೆ ಓಡಿಹೋಗುತ್ತೆ. ಈಗ ಎಡಕ್ಕೆ. ಬಂತಾ?"

"ಇಲ್ಲ."

"ಎಲ್ರಿಗೂ ಒಂದೊಂದು ಜಾಗ ಇರುತ್ತೆ ಮೇಷ್ಟ್ರೇ. ಬಲಕ್ಕೆ? ಇನ್ನೊಂಚೂರು ಮೇಲೆ. ಕಿಟಕಿ ಮೂಲೆ ನೋಡಿ, ಅಲ್ಲೇ ಇರಿ."

ಕಣ್ಣು ಅಭ್ಯಾಸಬಲದಿಂದ ಜಾರಿ ಮುಖದ ಮೇಲೆ ಬೀಳುತ್ತಿತ್ತು. ಬಿದ್ದೊಡನೆ ಮಸುಕು ಮುಚ್ಚುತ್ತಿತ್ತು. ಬೆರಳುಗಳು ಗದ್ದವನ್ನು ಮತ್ತೆ ಎತ್ತುತ್ತಿದ್ದವು. ಮೇಷ್ಟ್ರಿಗೆ ಬೆವರು ಬಂತು. ಹಟ ಬಿಟ್ಟು, ಕಿಟಕಿಯ ಮೂಲೆಯಲ್ಲಿ ಬಿದ್ದಿದ್ದ ಬಿಸಿಲನ್ನು ಸುಮ್ಮನೆ ನೋಡುತ್ತ ನಿಂತರು. ಆಗ ಮಸುಕು ತಾನಾಗಿ ಬದಿಗೆ ಸರಿಯಿತು. ಅದರ ಅಡಿಯಿಂದ, ಕಡುನೀಲಿಯ ಮೇಲೆ, ಒಂದು ಮುಖ ನಿಧಾನವಾಗಿ ಮೇಲೆದ್ದಿತು.

ಅದು ಅವರ ಬಾಯಿಪಾಠದ ಮುಖವಾಗಿರಲಿಲ್ಲ. ಕೆನ್ನೆ ಇಳಿದಿತ್ತು. ತುಟಿಯ ಸುತ್ತ ಗೆರೆಗಳು. ಮೂಗಿನ ಎರಡೂ ಬದಿ ಸಣ್ಣ ಗುಳಿ.

"ಕನ್ನಡಕ ಹಾಕ್ತಿದ್ಲಾ?"

"ಓದೋಕೆ ಹಾಕ್ತಿದ್ಲು ಭಾವ. ಆಸ್ಪತ್ರೇಲಿ."

"ಅತ್ತೆಯವರ ಥರಾನೇ ಆಗಿಬಿಟ್ಟಿದ್ದಾಳಲ್ಲೇ!"

"ಹೂಂ ಭಾವ," ಎಂದ ತಂಗಿ ನಗುತ್ತಲೇ ಬಿಕ್ಕಿದಳು. "ನಾವಿಬ್ರೂ."

ತಮ್ಮ ಎದುರಿಗೇ ಕೂತು, ತಮ್ಮ ಜೊತೆಗೇ ಉಂಡು, ಇವಳು ಒಬ್ಬಳೇ ಮುದುಕಿಯಾದಳು ಎಂದು ಮೇಷ್ಟ್ರಿಗೆ ಅನಿಸಿತು. ಅಳು ಬಂತು, ತಡೆದುಕೊಂಡರು. ನೀರು ತುಂಬಿದರೆ ಕಣ್ಣು ಕದಲುತ್ತದೆ.

ನಾಲ್ವರು ಬಂದು ಹೊದಿಕೆಯ ತುದಿ ಸರಿಮಾಡಿದರು. "ಎತ್ತೋಣ್ವಾ?" ಎಂದು ಒಬ್ಬ ಮೆತ್ತಗೆ ಕೇಳಿದ. ಮೇಷ್ಟ್ರು ಬೇಡವೆನ್ನಲಿಲ್ಲ. ಕಿಟಕಿಯ ಮೂಲೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ಮುಖ ಬೆಳಕಿನಲ್ಲಿ ತೇಲಿಕೊಂಡು ಬಾಗಿಲಿನ ಕಡೆಗೆ ಹೊರಟಿತು. ಕಲಿಯುವವರ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಬರಿಯ ನೆಲದ ಮೇಲೆ ಮೇಷ್ಟ್ರ ಬಲಗಾಲು, ಬೆರಳುಗಳು ಬೆಳ್ಳಗಾಗುವಷ್ಟು ಬಲವಾಗಿ, ಒತ್ತುತ್ತಲೇ ಇತ್ತು.