ಗೇಟಿನ ಕರೆಂಟು

ಸಂಜೆಯಾದರೆ ನಮ್ಮ ಗಾಡಿಮನೆಯ ಬಲ್ಬಿನೊಳಗಿನ ತಂತಿ ಕೆಂಡದ ಎಳೆಯಂತೆ ಕಾಣುತ್ತಿತ್ತು. ಬಣ್ಣವಿತ್ತು, ಬೆಳಕಿರಲಿಲ್ಲ. ಕಣ್ಣು ಕಿರಿದು ಮಾಡದೆ ಅದನ್ನು ನೇರವಾಗಿ ನೋಡಬಹುದಿತ್ತು. ನೋಡಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ವರ್ಷವಾದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ನಾವು ತೊಟ್ಟಿಲಿನವರು. ಊರೂರಿನ ವಸ್ತುಪ್ರದರ್ಶನಗಳಲ್ಲಿ ಜನರನ್ನು ಕೂರಿಸಿ ಆಕಾಶ ತೋರಿಸಿ ಇಳಿಸುವ ದೊಡ್ಡ ತೊಟ್ಟಿಲು ನಮ್ಮದು. ಹಳೆಯ ಬಸ್ಸೊಂದರ ಸೀಟು ಕಿತ್ತು, ಒಲೆ, ಮಂಚ, ದೇವರ ಗೂಡು ಎಲ್ಲವನ್ನೂ ಹೊಂದಿಸಿಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದೆವು. ಅಣ್ಣ ಫಕೀರಪ್ಪ, ಅತ್ತಿಗೆ ನೀಲವ್ವ, ನಾನು. ಆ ವರ್ಷ ಅಣ್ಣನ ಶ್ವಾಸಕೋಶ ಕೈಕೊಟ್ಟಿತ್ತು. ಮೂಗಿಗೆ ನಳಿಗೆ ಹಾಕಿಕೊಂಡು, ಆಮ್ಲಜನಕ ಕೊಡುವ ಮಿಷನ್ನಿನ ಪಕ್ಕದಲ್ಲೇ ಮಲಗಿರುತ್ತಿದ್ದ. ಎರಡು ಮಾತಾಡಿದರೆ ನಿಲ್ಲಿಸಿ ಉಸಿರು ಹುಡುಕಬೇಕಿತ್ತು. ಮಿಷನ್ನು ನಡೆದರೆ ಅಣ್ಣ ಇರುತ್ತಾನೆ, ನಿಂತರೆ ಇಲ್ಲ. ಅದು ನಮಗೆ ಮೂವರಿಗೂ ಗೊತ್ತಿತ್ತು.

ಆ ಸಲ ನಾವು ಹೋದ ಊರಿನ ಮೈದಾನ ವಿರೂಪಾಕ್ಷಪ್ಪ ಸಾಹುಕಾರನದು. ಪ್ರದರ್ಶನಕ್ಕೆ ಬಂದ ಗಾಡಿಮನೆಗಳೆಲ್ಲ ಅಲ್ಲಿ ಸಾಲಾಗಿ ನಿಲ್ಲಬೇಕು. ಪ್ರತಿ ಗಾಡಿಗೊಂದು ಗೂಟ, ಗೂಟಕ್ಕೊಂದು ಪ್ಲಗ್ಗು, ಬಾಡಿಗೆಯಲ್ಲೇ ಕರೆಂಟು. ಗೇಟಿನ ಬಳಿಯ ಪೆಟ್ಟಿಗೆಯಿಂದ ಹೊರಟ ಬಡಕಲು ವೈರೊಂದು ಎಲ್ಲರಿಗೂ ಹಂಚುತ್ತ ಹಂಚುತ್ತ ಕೊನೆಯಲ್ಲಿದ್ದ ನಮ್ಮನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಜೀವವೇ ಇರುತ್ತಿರಲಿಲ್ಲ. ಮುಂದಿನವರು ಕೂಲರ್ ಹಾಕಿದರೆ ನಮ್ಮ ಬಲ್ಬು ಕೆಂಪಾಗುತ್ತಿತ್ತು, ಬಲ್ಬು ಕೆಂಪಾದ ಕೂಡಲೇ ಅಣ್ಣನ ಮಿಷನ್ನು ಕುಂಯ್ಯೆಂದು ಕೂಗಿ ನಿಲ್ಲುತ್ತಿತ್ತು. ಸ್ಟೆಬಿಲೈಸರ್ ತಂದೆವು. ವೋಲ್ಟೇಜ್ ತೀರಾ ಕೆಳಗಿಳಿದಾಗ ಅದೂ ಟಪ್ಪೆಂದು ಕೈಯೆತ್ತಿಬಿಡುತ್ತಿತ್ತು. ಆಗ ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸಬೇಕು. ಸಿಲಿಂಡರ್ ಇದ್ದದ್ದು ಒಂದೇ.

ಸಾಹುಕಾರನ ಬಳಿಗೆ ಹೋದೆ.

"ಸಾವಕಾರ್ರ, ಕಡೀ ಗೂಟಕ್ಕ ವೋಲ್ಟೇಜ್ ಬರವಲ್ದು. ನಮ್ಮಣ್ಣಗ ಉಸಿರಿನ ಮಿಷನ್ ಐತಿ."

ಅವನು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಕರೆಂಟ್ ನಾ ಹಡೀತೀನೇನಪಾ? ಮ್ಯಾಲಿಂದ ಹೆಂಗ ಬರತೈತೋ ಹಂಗ."

"ಹಂಗಾರ ಗೇಟಿನ ಹತ್ರದ ಜಾಗಾ ಕೊಡ್ರಿ."

"ಅವು ಕಾಯಂ ಗಿರಾಕಿಗೋಳ ಜಾಗಾ. ನಿನಗ ಕೊಟ್ಟು ಅವರನ್ನ ಕಳಕೋಬೇಕೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಅವತ್ತು ಕಣ್ಣಾರೆ ಕಂಡೆ. ಮುಂದಿನ ಗಾಡಿಗಳವರನ್ನೂ ಕೈಮುಗಿದು ಕೇಳಿಕೊಂಡೆವು. "ಅಯ್ಯೋ ಪಾಪ" ಎಂದರು, ಕೂಲರ್ ಆರಿಸಲಿಲ್ಲ. ಪಾಪ ಎನ್ನುವುದಕ್ಕೆ ಕರೆಂಟು ಖರ್ಚಾಗುವುದಿಲ್ಲವಲ್ಲ.

ಪ್ರದರ್ಶನ ಶುರುವಾಗುವ ಹಿಂದಿನ ಮಧ್ಯಾಹ್ನ ಮಿಷನ್ನು ಮತ್ತೆ ನಿಂತಿತು. ಸಿಲಿಂಡರಿನ ಮುಳ್ಳು ತಳಕ್ಕೆ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಅತ್ತಿಗೆ ಹಿಟ್ಟಿನ ಕೈಯಲ್ಲೇ ಎದ್ದು ಸಾಹುಕಾರನನ್ನು ಹುಡುಕಿಕೊಂಡು ಹೊರಟಳು. ನಾನೂ ಹಿಂದೆ ಓಡಿದೆ. ಜನ ಸೇರಿದರು. ಜನ ಸೇರಿದ್ದನ್ನು ಕಂಡು ಸಾಹುಕಾರನಿಗೆ ಹುರುಪು ಬಂತು. ಮೀಟರ್ ತರಿಸಿ, ಗೇಟಿನ ಪೆಟ್ಟಿಗೆಯ ಬಾಗಿಲು ತೆಗೆಸಿ, ಎಲ್ಲರೆದುರು ಹಿಡಿದು ತೋರಿಸಿದ.

"ನೋಡ್ರಿ ಅಕ್ಕಾರ, ಇನ್ನೂರಾ ಮೂವತ್ತು. ನಾ ಏನ್ ಸುಳ್ಳ ಹೇಳತೀನಿ?"

"ನಮ್ಮ ಗೂಟಕ್ಕ ಬಂದು ಹಿಡೀರಿ ಅದನ್ನ."

"ನನ್ನ ಜವಾಬ್ದಾರಿ ಗೇಟಿನ ತನಕ. ಗೇಟಿನಾಗ ಕರೆಂಟ್ ಚಲೋ ಐತೋ ಇಲ್ಲೋ, ಅಷ್ಟ ಹೇಳ್ರಿ."

ಅತ್ತಿಗೆ ಮೀಟರನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. "ಚಲೋ ಐತ್ರಿ" ಎಂದು ತಿರುಗಿ ನಡೆದಳು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಸುಲಭಕ್ಕೆ ಒಪ್ಪಿಬಂದಳಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು. ಬಸ್ಸು ಹತ್ತಿದವಳು ನನಗೆ ಹೇಳಿದ್ದು ಒಂದೇ ಮಾತು. "ಗಾಡಿ ಚಾಲೂ ಮಾಡು."

ಆಗ ನನಗೆ ಅರ್ಥವಾಯಿತು. ಮೈದಾನದ ನಡುವೆ ಬಸ್ಸು ಓಡಿಸಿಕೊಂಡು ಬಂದು ಗೇಟಿಗೆ ಅಡ್ಡಲಾಗಿ, ಒಂದು ಎಮ್ಮೆಯೂ ನುಸುಳದಂತೆ ನಿಲ್ಲಿಸಿದೆ. ಅತ್ತಿಗೆ ಇಳಿದು ಗೇಟಿನ ಪೆಟ್ಟಿಗೆಗೇ ನಮ್ಮ ವೈರು ಸಿಕ್ಕಿಸಿದಳು. ಬಲ್ಬು ಹಾಡಹಗಲಲ್ಲೇ ಬೆಳ್ಳಗೆ ಉರಿಯಿತು. ಅಣ್ಣನ ಮಿಷನ್ನು ಒಂದೇ ಸಮನೆ ನಡೆಯತೊಡಗಿತು.

ಹೊರಗೆ ಅಂಗಡಿಗಳ ಸಾಮಾನು ಹೊತ್ತ ಲಾರಿಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆದವು. ಸಾಹುಕಾರ ಪಂಚೆ ಎತ್ತಿಕೊಂಡು ಓಡಿಬಂದ.

"ಏನಿದು ಹುಚ್ಚಾಟ? ಗಾಡಿ ತಗೀರಿ ಮೊದಲ."

"ಗೇಟಿನಾಗ ಕರೆಂಟ್ ಚಲೋ ಐತಂತ ನೀವ ತೋರಿಸಿದ್ರಲ್ಲ," ಎಂದಳು ಅತ್ತಿಗೆ. "ಬಾಡಿಗಿ ಕೊಟ್ಟೀವಿ. ಕರೆಂಟ್ ಇದ್ದಲ್ಲಿ ಇರತೀವಿ."

"ಪೊಲೀಸರನ್ನ ಕರಸ್ತೀನಿ."

"ಅವರು ಯಾಕ್ರಿ? ನೀವ ಕೀಳ್ರಿ ಪ್ಲಗ್ಗು. ಒಳಗ ನನ್ನ ಗಂಡ ಮಲಗ್ಯಾನ. ಇಷ್ಟು ಮಂದಿ ಮುಂದ ನಿಮ್ಮ ಕೈಲೇ ಕೀಳ್ರಿ."

ಸಾಹುಕಾರ ಕೈ ಚಾಚಿದ. ಚಾಚಿಯೇಬಿಟ್ಟ, ನಾನು ನೋಡಿದ್ದೇನೆ. ಲಾರಿಯವರೆಲ್ಲ ಹಾರ್ನ್ ನಿಲ್ಲಿಸಿ ಕೆಳಗಿಳಿದು ನೋಡುತ್ತಿದ್ದರು. ಅವನ ಕೈ ಪೆಟ್ಟಿಗೆಯ ಹತ್ತಿರ ಹೋಗಿ, ಅಲ್ಲಿಂದ ತನ್ನದೇ ತಲೆ ಕೆರೆದುಕೊಳ್ಳಲು ಹೋಯಿತು.

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಸಂಜೆಯೊಳಗೆ ಪೆಟ್ಟಿಗೆಯಿಂದ ನಮ್ಮ ಗೂಟದವರೆಗೆ ಹೆಬ್ಬೆರಳು ಗಾತ್ರದ ಬೇರೆಯೇ ವೈರು ಎಳೆದರು. ಅದನ್ನು ಪೇಟೆಯಿಂದೇನೂ ತರಲಿಲ್ಲ. ಸುರುಳಿ ಅವನ ಗೋದಾಮಿನಲ್ಲೇ ಬಿದ್ದಿತ್ತು, ಎಳೆದಾಗ ಮೇಲಿದ್ದ ಧೂಳು ನಮ್ಮ ಕೈಗೆಲ್ಲ ಹತ್ತಿತು. ನನ್ನ ಸಿಟ್ಟು ಇಂದಿಗೂ ಇಳಿಯದಿರುವುದು ಇದಕ್ಕೇ. ಇಲ್ಲದವನು ಕೊಡದಿದ್ದರೆ ಮರೆಯಬಹುದು. ಇವನು ನನ್ನ ಅಣ್ಣ ಏದುಸಿರು ಬಿಡುತ್ತಿದ್ದಷ್ಟು ದಿನವೂ ಅದನ್ನು ಒಳಗಿಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಬಸ್ಸನ್ನು ಮತ್ತೆ ಕೊನೆಗೆ ತಂದು ನಿಲ್ಲಿಸಿದೆವು. ಅತ್ತಿಗೆ ಒಲೆ ಹಚ್ಚಿದಳು. ಮಂಚದ ಮೇಲಿನಿಂದ ಅಣ್ಣ ಅವಳನ್ನು ಬೈಯಲು ಶುರುಮಾಡಿದ.

"ಬುದ್ಧಿ ಐತೇನು ನಿನಗ, ಮಂದಿ ದಾರಿಗೆ ಗಾಡಿ ಅಡ್ಡ ಹಚ್ಚಿ, ಇಡೀ ಊರ ಮುಂದ ಸಾವಕಾರನ ಕೂಡ ಜಗಳಾ ತಗದು, ನಾಳೆ ತೊಟ್ಟಿಲಾ ನಿಂದರಸಾಕ ಅಂವಾ ಜಾಗಾ ಕೊಡದಿದ್ರ ಮಣ್ಣ ತಿಂತೀಯೇನು?"

ಎಲ್ಲವನ್ನೂ ಒಂದೇ ಉಸಿರಿಗೆ ಅಂದಿದ್ದ. ಅದು ಅವನಿಗೇ ತಿಳಿಯಲಿಲ್ಲ. ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಂದು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಳು.

"ಇನ್ನೊಮ್ಮೆ ಬೈರಿ," ಎಂದಳು.