ಕೆರೆಯಂಚಿನ ಕಲ್ಲು

"ಲೇ ಲಕ್ಕ, ಬಾಯಲ್ಲಿ ಸಗಣಿ ಇಟ್ಕಂಡಿದ್ದೀಯೇನ್ಲಾ? ಸಾಹೇಬ್ರು ಕೇಳ್ತಾವ್ರೆ. ಕೆರೆ ಗಡಿಕಲ್ಲು ಎಲ್ಲಿತ್ತು ಅಂತ ತೋರ್ಸ್ಲಾ, ಬೋಳಿಮಗನೆ."

ರಂಗಸ್ವಾಮಿಗೌಡರು ಬೈಯುವಾಗ ಲಕ್ಕಣ್ಣ ಕೆರೆಯ ಏರಿಯ ಮೇಲೆ ಚಪ್ಪಲಿ ಕಳಚಿ ನಿಂತಿದ್ದ. ಅವನ ಮನೆಯವರು ಮೂರು ತಲೆಮಾರಿನಿಂದ ಆ ಕೆರೆಯ ನೀರುಗಂಟಿಗಳು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವರು. ಹೇಮಾವತಿ ನಾಲೆಯ ನೀರು ಎಲ್ಲಿಂದ ಬಂದು ಸೇರುತ್ತದೆ, ಕೆರೆ ತುಂಬಿದರೆ ಎಲ್ಲಿಯವರೆಗೆ ನಿಲ್ಲುತ್ತದೆ, ಜೊಂಡು ಯಾವ ಮೂಲೆಯಲ್ಲಿ ಎದ್ದಿದೆ, ಎಲ್ಲವನ್ನೂ ಅವನು ಬಲ್ಲ. ಗಡಿಕಲ್ಲು ಗೌಡರ ತೆಂಗಿನ ತೋಟದೊಳಗೆ ಮಣ್ಣಿನಡಿ ಇತ್ತು. ಇಪ್ಪತ್ತು ವರ್ಷದ ಹಿಂದೆ ಗೌಡರ ಮಾತು ಕೇಳಿ ಅದನ್ನು ಇದ್ದಲ್ಲೇ ಹೂತವನೂ ಅವನೇ.

ಕೆರೆ ಒತ್ತುವರಿ ತೆರವು ಮಾಡಲು ಆದೇಶ ಬಂದಿತ್ತು. ಸರ್ವೆ ಇಲಾಖೆಯ ಸಾಹೇಬರು ಚಂದ್ರಮೌಳಿ ನಕ್ಷೆ ಹಿಡಿದು ಕಾಯುತ್ತಿದ್ದರು. ಹಿಂದಿನ ದಿನ ಗೌಡರು ಲಕ್ಕಣ್ಣನನ್ನು ಕರೆಸಿ, ಅವನ ಮಗ ಮಧುಕುಮಾರನ ಪಂಚಾಯಿತಿ ವಾಟರ್‌ಮನ್ ಕೆಲಸ ಇನ್ನೂ ಖಾಯಂ ಆಗಿಲ್ಲ ಅನ್ನುವುದನ್ನು ನೆನಪಿಸಿದ್ದರು. ಬೇರೇನೂ ಹೇಳಿರಲಿಲ್ಲ.

ಲಕ್ಕಣ್ಣ ತಮ್ಮದೇ ಕೇರಿಯ ಕಡೆ ಕೈ ತೋರಿಸಿದ. "ಅಲ್ಲಿತ್ತು ಸಾ. ಉಣ್ಸೆ ಮರದ ತಾವ."

ಅಲ್ಲಿಂದಲೇ ಅಳೆದರು. ಗೌಡರ ತೋಟ ಕೆರೆಯ ಹೊರಗಾಯಿತು, ಕೇರಿಯ ಆರು ಮನೆಗಳು ಒಳಗಾದವು. ಹೇಳಿಕೆ ಬರೆದುಕೊಂಡು ಲಕ್ಕಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡರು. ತೋಟದಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಅವನಿಗೆ ಪೇಪರ್ ಲೋಟದಲ್ಲಿ. ಕುಡಿದ.

ಮುಂದಿನ ವಾರ ಜೆಸಿಬಿ ಬಂತು. ಮೊದಲು ಬಿದ್ದದ್ದು ಬೆಟ್ಟಮ್ಮನ ಮನೆ. ಬೆಟ್ಟಮ್ಮ ಲಕ್ಕಣ್ಣನ ತೀರಿಹೋದ ಅಣ್ಣನ ಹೆಂಡತಿ. ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುತ್ತಿದ್ದವಳು. ತಾಯಿಯಿಲ್ಲದ ಲಕ್ಕಣ್ಣನಿಗೆ ಚಿಕ್ಕಂದಿನಲ್ಲಿ ತುತ್ತು ಹಾಕಿದವಳೂ ಅವಳೇ. ಅವನು ಓಡಿಹೋಗಿ ರಾಗಿಚೀಲ, ಚಾಪೆ ಸುರುಳಿ, ಅಣ್ಣನ ಫೋಟೋ ಎಲ್ಲ ಹೊತ್ತು ಶಾಲೆಯ ಜಗುಲಿಗೆ ತಂದಿಟ್ಟ. ಇವನೊಬ್ಬ ಬಂದ, ಮಿಕ್ಕವರೆಲ್ಲ ನಿಂತು ನೋಡಿದರು ಎಂದು ಬೆಟ್ಟಮ್ಮ ಸಿಕ್ಕವರಿಗೆಲ್ಲ ಹೇಳಿದಳು. ಮಧ್ಯಾಹ್ನ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿ, ಮೊದಲು ಅವನ ಮುಂದೆಯೇ ತಟ್ಟೆ ಇಟ್ಟಳು.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅತ್ಗೆ, ಕಲ್ಲು ಉಣ್ಸೆ ಮರದ ತಾವ ಇರ್ನಿಲ್ಲ. ಗೌಡ್ರ ತ್ವಾಟದಾಗೆ ಅದೆ. ನಾನೇ ಸುಳ್ಳು ಯೇಳ್ಬುಟ್ಟೆ."

ಬೆಟ್ಟಮ್ಮ ತಟ್ಟೆ ಎತ್ತಿಕೊಂಡು ಮುದ್ದೆಯನ್ನು ನಾಯಿಗೆ ಹಾಕಿದಳು.

"ಏಳು ಮೇಲೆ. ಅವ್ರ ಮುಂದೆ ಯೇಳ್ದೋನು ಅವ್ರ ಮುಂದೇನೇ ಓಗಿ ಯೇಳು."

ದಂಡಿಗನಹಳ್ಳಿ ಕಡೆಯಿಂದ ಬಂದ ಬಸ್ಸು ಹತ್ತಿ ಇಬ್ಬರೂ ಪಟ್ಟಣದ ಸರ್ವೆ ಕಚೇರಿಗೆ ಹೋದರು. ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಅವನು ಹಿಂದೆ.

ಚಂದ್ರಮೌಳಿ ಎಲ್ಲ ಕೇಳಿ, ಆವತ್ತು ಹೇಳಿದ್ದು ಸುಳ್ಳೋ ಇವತ್ತು ಹೇಳುತ್ತಿರುವುದೋ ಎಂದರು.

"ಆವತ್ತಿಂದು ಸಾ. ಕಲ್ಲು ಊತಿದ್ದೂ ನಾನೇಯ. ಬನ್ನಿ, ಅಗೆದು ತೋರಿಸ್ತೀನಿ."

ಫೈಲು ಮೇಲಕ್ಕೆ ಹೋಗಿಯಾಗಿದೆ, ಸುಳ್ಳು ಹೇಳಿಕೆಗೆ ಜೈಲಾಗುತ್ತದೆ, ಮಗನ ವಾಟರ್‌ಮನ್ ಕೆಲಸವೂ ಉಳಿಯುವುದಿಲ್ಲ, ಸುಮ್ಮನೆ ಊರಿಗೆ ಹೋಗು ಎಂದು ಅವರು ಬುದ್ಧಿ ಹೇಳಿದರು. ಮಗನ ಕೆಲಸದ ವಿಷಯ ಲಕ್ಕಣ್ಣ ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ಬರ್ಕಳಿ ಸಾ," ಅಂದ.

ಅವರು ಬರೆದುಕೊಳ್ಳಲಿಲ್ಲ. ಬೇರೊಂದು ಫೈಲು ಬಿಚ್ಚಿದರು. ಬೆಟ್ಟಮ್ಮ ಹೋಗಿ ಬಾಗಿಲಿಗೆ ಅಡ್ಡ ನೆಲದ ಮೇಲೆ ಕೂತಳು.

"ನೀವು ಬರ್ಯೋಗಂಟ ನಾನು ಏಳಾಕಿಲ್ಲ."

ಜವಾನ ಬಂದು ಅವಳ ಜಾತಿ ಹಿಡಿದು ಬೈದ. ಅವಳು ಕದಲಲಿಲ್ಲ. ಒಳಗೆ ಬರುವವರು, ಹೋಗುವವರು ಪಂಚೆ ಎತ್ತಿಕೊಂಡು ಅವಳನ್ನು ದಾಟತೊಡಗಿದರು. ಲಕ್ಕಣ್ಣ ಹೋಗಿ ಅವಳ ಪಕ್ಕದಲ್ಲಿ ಕೂತ. ಬೆಟ್ಟಮ್ಮ ಸೆರಗು ಎಳೆದುಕೊಂಡು ಒಂದು ಮೊಳ ಆಚೆ ಸರಿದಳು.

ಅವನು ಏಳಲಿಲ್ಲ.