ಮರಿಗಳ ಕೋಣೆಗೆ ಬೀಗ

ಐದು ಮರಿಗಳು ಬಂದದ್ದು ಶೂ ಅಂಗಡಿಯ ರಟ್ಟಿನ ಡಬ್ಬದಲ್ಲಿ. ಹುಟ್ಟಿ ಹತ್ತು ದಿನವಾಗಿತ್ತು. ಕಣ್ಣು ಆಗಷ್ಟೇ ಬಿಡುತ್ತಿದ್ದವು, ಬಿಟ್ಟ ಕಣ್ಣೂ ಕೀವು ಕಟ್ಟಿ ಅಂಟಿಹೋಗಿತ್ತು. ತಾಯಿ ಬೆಕ್ಕು ಲಾರಿಯ ಚಕ್ರಕ್ಕೆ ಸಿಕ್ಕಿ ಎರಡು ದಿನವಾಗಿತ್ತಂತೆ. ಪ್ರಾಣಿಗಳ ಆಶ್ರಯಧಾಮ ನೋಡಿಕೊಳ್ಳುವ ಮ್ಯಾನೇಜರಮ್ಮ ಡಬ್ಬವನ್ನು ಬಾಗಿಲಲ್ಲೇ ನರ್ಸಮ್ಮನ ಕೈಗೆ ಕೊಟ್ಟಳು. ಒಳಗೆ ಬಂದು ಕೂತರೆ ಎಲ್ಲಿ ಬೇಡ ಅನ್ನಿಸಿಕೊಳ್ಳಬೇಕಾಗುತ್ತದೋ ಎಂಬಂತೆ ಅವಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

"ಐದೇ ಐದು, ನರ್ಸಮ್ಮ. ನಮ್ಮಲ್ಲಿ ಒಂದು ಗೂಡೂ ಖಾಲಿ ಇಲ್ಲ."

"ಹೋದ ಸಲವೂ ಐದೇ ಐದು ಅಂದಿದ್ರಿ."

"ಹೋದ ಸಲ ಏಳು."

"ನಾನೂ ಅದನ್ನೇ ಹೇಳ್ತಿರೋದು."

ಡಬ್ಬವನ್ನು ವಾಪಸು ಕೊಡಬಹುದಿತ್ತು. ನರ್ಸಮ್ಮ ಕೊಡಲಿಲ್ಲ. ಹಿಂದಿನ ಮರಿಗಳ ತಂಡ ಮನೆ ಬಿಟ್ಟು ಒಂಬತ್ತೇ ದಿನವಾಗಿತ್ತು, ಸೊಂಟ ಹಿಡಿದದ್ದು ಬಿಟ್ಟಿರಲಿಲ್ಲ. ಆದರೆ ಡಬ್ಬದೊಳಗಿನ ಕೀಚಲು ದನಿ ಕೇಳುತ್ತಲೇ ಕೈ ತಾನಾಗಿ ಅದರ ತಳಕ್ಕೆ ಹೋಗಿ ಬಿಸಿ ಇದೆಯೋ ತಣ್ಣಗಾಗಿದೆಯೋ ಎಂದು ನೋಡಿತ್ತು. ತಣ್ಣಗಿತ್ತು. ಅಲ್ಲಿಗೆ ಮಾತು ಮುಗಿಯಿತು.

ಅವಳು ಮೂವತ್ತೆರಡು ವರ್ಷ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ದುಡಿದವಳು. ನಿವೃತ್ತಳಾಗಿ ನಾಲ್ಕು ವರ್ಷವಾದರೂ ಈಗ ಮನೆಯಿರುವ ಕಟ್ಟಡದ ಮೂರೂ ಮಹಡಿಯವರಿಗೆ ಅವಳು ನರ್ಸಮ್ಮನೇ. ಹಗಲು ಪಾಳಿ, ರಾತ್ರಿ ಪಾಳಿ ಎಂದು ತುಂಡುತುಂಡಾಗಿ ನಿದ್ದೆ ಮಾಡಿದವಳಿಗೆ ಕೆಲಸ ಬಿಟ್ಟ ಮೇಲೆ ಒಂದೇ ಆಸೆಯಿತ್ತು: ಕಾಲು ಚಾಚಿ ಮಲಗುವುದು. ಅಷ್ಟರಲ್ಲಿ ಮೆಟ್ಟಿಲ ಕೆಳಗೆ ಒಂದು ಮರಿ ಸಿಕ್ಕಿತು. ಅದನ್ನು ಒಪ್ಪಿಸಿಬರೋಣವೆಂದು ಆಶ್ರಯಧಾಮಕ್ಕೆ ಹೋದಳು. ಅವಳು ಸಿರಿಂಜಿನಲ್ಲಿ ಹಾಲು ಕುಡಿಸುವುದನ್ನು ಮ್ಯಾನೇಜರಮ್ಮ ಕಣ್ಣಾರೆ ನೋಡಿದಳು. ಅಂದಿನಿಂದ ಇಲ್ಲಿಯವರೆಗೆ ತೊಂಬತ್ತಮೂರು ಮರಿಗಳು ಅವಳ ಕೈಯಲ್ಲಿ ಬೆಳೆದು ಹೋಗಿದ್ದವು.

ಜೊತೆಗಿದ್ದವನು ತಮ್ಮ. ಐವತ್ತಾರರ ಬ್ರಹ್ಮಚಾರಿ, ನಗರದ ಬಸ್ಸಿನ ಡ್ರೈವರು. ಸಂಜೆ ಕೆಲಸ ಮುಗಿಸಿ ಬಂದವನು ಅಡುಗೆಮನೆಯ ಪಕ್ಕದ ಸಾಮಾನು ಕೋಣೆಗೆ ಇಣುಕಿದ. ರ‍್ಯಾಕಿನ ಮೇಲೆ ಸಾಲಾಗಿ ತೊಳೆದಿಟ್ಟ ಸಿರಿಂಜುಗಳು, ಹಿಟ್ಟು ತೂಗುವ ತಕ್ಕಡಿ, ಟವೆಲು ಸುತ್ತಿದ ಬಿಸಿನೀರಿನ ಬಾಟಲಿ, ಅದಕ್ಕೆ ಅಂಟಿಕೊಂಡು ಐದು ಮುದ್ದೆಗಳು.

"ಅಕ್ಕ, ನೀನು ಆಸ್ಪತ್ರೆ ಬಿಟ್ಯಾ, ಇಲ್ಲಾ ಆಸ್ಪತ್ರೇನೇ ಮನೆಗೆ ಹೊತ್ಕೊಂಡು ಬಂದ್ಯಾ?"

"ಕೈ ತೊಳ್ಕೊಂಡು ಬಾ. ಎರಡು ನಿನ್ನ ಪಾಲು."

ಮರಿಗಳಿಗೆ ಹೆಸರಿಡಬಾರದೆಂಬುದು ನರ್ಸಮ್ಮನ ಕಟ್ಟಪ್ಪಣೆ; ಹೆಸರಿಟ್ಟರೆ ಕೊಡುವಾಗ ಕಷ್ಟ. ತಮ್ಮ ಎಂದಿನಂತೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಎಲ್ಲಕ್ಕಿಂತ ಸಣ್ಣದು ಚಿಲ್ಲರೆ. ಎಲ್ಲವನ್ನೂ ಮೂಸಿ ನೋಡುವುದು ಇನ್‌ಸ್ಪೆಕ್ಟರು. ಬೆಳಕಿನ ಕಡೆಗೇ ತೆವಳುವುದು ಕಿಟಕಿ ಸೀಟು. ಹಾಲಿಗೆ ಯಾವಾಗಲೂ ಕೊನೆಗೆ ಏಳುವುದು ಕೊನೇ ಸ್ಟಾಪು. ಡಬ್ಬದ ಅಂಚಿಗೆ ನೇತುಬೀಳುವವನು ಫುಟ್‌ಬೋರ್ಡು.

ಮೂರು ವಾರ ಒಂದೇ ಗಾಣ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಬೇಕು, ಮುಲಾಮು ಹಚ್ಚಬೇಕು, ಹಾಲಿನ ಪುಡಿ ಕದಡಿ ಹನಿಹನಿಯಾಗಿ ಕುಡಿಸಬೇಕು, ತಾಯಿ ನೆಕ್ಕಿದಂತೆ ಒದ್ದೆ ಬಟ್ಟೆಯಿಂದ ಬಾಲದ ಬುಡ ಸವರಿ ಉಚ್ಚೆ ಮಾಡಿಸಬೇಕು, ತೂಗಿ ಬರೆದಿಡಬೇಕು. ಐದನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಬಾಯಿ ಬಿಡುತ್ತಿತ್ತು. ನರ್ಸಮ್ಮ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ಒಂದು ಬೆಳಿಗ್ಗೆ ತನ್ನ ಚಹಾಕ್ಕೆ ಮರಿಗಳ ಹಾಲಿನ ಪುಡಿ ಹಾಕಿಕೊಂಡು ಅರ್ಧ ಲೋಟ ಕುಡಿದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಮತ್ತೆ ನೀರು ಕಾಯಿಸುವ ತ್ರಾಣವಿಲ್ಲದೆ ಉಳಿದದ್ದನ್ನೂ ಕುಡಿದು ಮುಗಿಸಿದಳು.

ಆದರೆ ಮರಿಗಳು ಚೇತರಿಸಿಕೊಂಡವು. ಕಣ್ಣು ತಿಳಿಯಾದವು, ಹೊಟ್ಟೆ ಗುಂಡಗಾದವು. ಇನ್ನು ಹತ್ತು ದಿನ ಕಳೆದರೆ ಮೊದಲ ಚುಚ್ಚುಮದ್ದು, ಆಮೇಲೆ ಸಾಕುವವರ ಮನೆ. ಅಷ್ಟರಲ್ಲಿ ಮ್ಯಾನೇಜರಮ್ಮನ ಫೋನು ಬಂತು. ತರಕಾರಿ ವ್ಯಾನಿನ ಎಂಜಿನ್ನೊಳಗೆ ಒಂದು ಮರಿ ಸಿಕ್ಕಿದೆ, ಒಂಟಿ, ಹೆಚ್ಚುಕಡಿಮೆ ಇದೇ ವಯಸ್ಸು.

"ಒಂದೇ ಒಂದು. ಎರಡು ವಾರ ಬೇರೆ ಇಡಿ, ನಿಮಗೆ ನಾನೇನು ಹೇಳಿಕೊಡೋದು."

ಹೇಳಿಕೊಡಬೇಕಾಗಿರಲಿಲ್ಲ. ಹೊಸ ಮರಿ ಬಂದರೆ ಹದಿನಾಲ್ಕು ದಿನ ಬೇರೆ ಕೋಣೆ, ಬೇರೆ ಏಪ್ರನ್ನು, ಬೇರೆ ತಟ್ಟೆ. ಮುಟ್ಟಿದ ಮೇಲೆ ಮೊಣಕೈವರೆಗೆ ಸೋಪು. ಯಾವ ರೋಗ ಒಳಗೆ ಕೂತಿದೆಯೋ ಯಾರು ಕಂಡವರು. ನರ್ಸಮ್ಮ ಅದನ್ನು ತನ್ನ ಬಚ್ಚಲಿನಲ್ಲಿಟ್ಟಳು. ತಮ್ಮ ಅದಕ್ಕೆ 'ಟಿಕೆಟ್ ಇಲ್ಲದವನು' ಎಂದು ಹೆಸರಿಟ್ಟ.

ಟಿಕೆಟ್ ಇಲ್ಲದವನು ಮೂರು ದಿನ ಒಂದೇ ಸಮನೆ ಅತ್ತ. ಬಚ್ಚಲಿನ ಗೋಡೆಗಳಿಗೆ ಬಡಿದು ಆ ದನಿ ಎರಡರಷ್ಟಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ, ಏಳನೆಯ ಬಾರಿಯೋ ಎಂಟನೆಯ ಬಾರಿಯೋ ಏಪ್ರನ್ನು ಬದಲಿಸಲು ನಿಂತಾಗ, ಬೆನ್ನ ಹಿಂದಿನ ದಾರದ ಗಂಟು ಬಿಚ್ಚಲು ಬೆರಳುಗಳೇ ಬರಲಿಲ್ಲ. ಗಂಟನ್ನು ಹಾಗೇ ಬಿಟ್ಟಳು. ಆಮೇಲೆ ಮರಿಯನ್ನು ಎತ್ತಿ ಎದೆಗೊತ್ತಿಕೊಂಡು ಸಾಮಾನು ಕೋಣೆಗೆ ಹೋಗಿ ಐದರ ನಡುವೆ ಬಿಟ್ಟಳು. ಅದು ಕಿಟಕಿ ಸೀಟಿನ ಹೊಟ್ಟೆಗೆ ಮುಖ ತೂರಿಸಿದ್ದೇ ಗಪ್‌ಚಿಪ್ಪಾಯಿತು. ಮನೆಯೇ ನಿಶ್ಶಬ್ದವಾಯಿತು. ನರ್ಸಮ್ಮ ಅಲ್ಲೇ ನೆಲದ ಮೇಲೆ ಒರಗಿ ಎರಡು ಗಂಟೆ ಸತ್ತವಳಂತೆ ಮಲಗಿದಳು.

"ಇವನನ್ನ ಸೇರಿಸಿಬಿಟ್ಯಾ? ಎರಡು ವಾರ ಅಂದಿದ್ರಲ್ಲ?" ಎಂದು ಸಂಜೆ ತಮ್ಮ ಕೇಳಿದ.

"ಪರವಾಗಿಲ್ಲ. ನಾನು ನೋಡಿದೀನಿ."

ಅಕ್ಕ ನೋಡಿದ್ದಾಳೆಂದ ಮೇಲೆ ಮುಗಿಯಿತು. ಅವನು ಮತ್ತೆ ಕೇಳಲಿಲ್ಲ.

ಎರಡು ದಿನದ ನಂತರ ಟಿಕೆಟ್ ಇಲ್ಲದವನು ಊಟ ಬಿಟ್ಟ. ನೀರಿನ ಬಟ್ಟಲ ಮೇಲೆ ತಲೆ ಜೋತುಬಿಟ್ಟು ಕೂತ. ಕುಡಿಯಲೊಲ್ಲ, ಅಲ್ಲಿಂದ ಏಳಲೂ ಒಲ್ಲ. ಆ ಭಂಗಿಯನ್ನು ನರ್ಸಮ್ಮ ಆಶ್ರಯಧಾಮದಲ್ಲಿ ಒಮ್ಮೆ ಕಂಡಿದ್ದಳು, ಮರೆಯುವಂಥದಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿ ವೈದ್ಯರಲ್ಲಿಗೆ ಓಡಿದಳು. ಡಾಕ್ಟರು ಪರೀಕ್ಷೆಯ ಪಟ್ಟಿಯ ಮೇಲೆ ಹನಿ ಬಿಟ್ಟು ಕಾದರು. ಎರಡು ಗೆರೆ ಮೂಡಿದವು.

"ಬೆಕ್ಕಿನ ಪಾರ್ವೊ, ಬೇಗ ಹಬ್ಬೋ ವೈರಸ್ಸು," ಎಂದರು ಡಾಕ್ಟರು. "ಬೇರೆಯವು ಇವನ ಜೊತೆ ಇದ್ದವಾ?"

"ಇದ್ದವು."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಸಲೈನ್ ಬಾಟಲಿಗಳನ್ನೂ ವಾಂತಿ ನಿಲ್ಲುವ ಮದ್ದನ್ನೂ ಚೀಲಕ್ಕೆ ತುಂಬಿ ಕೊಟ್ಟರು.

ಆಮೇಲಿನ ವಾರವನ್ನು ನರ್ಸಮ್ಮ ಕೈಯಿಂದ ದೂಡಿದಳು, ತಲೆಯಿಂದಲ್ಲ. ಭುಜದ ಹಿಂದಿನ ತೊಗಲು ಎತ್ತಿ ಸೂಜಿ ಹಾಕಿ ಸಲೈನ್ ಬಿಡುವುದು, ಬಾಟಲಿ ಬಿಸಿ ಮಾಡುವುದು, ವಾಂತಿ ಬಳಿಯುವುದು, ಮತ್ತೆ ಸೂಜಿ. ಟಿಕೆಟ್ ಇಲ್ಲದವನು ಮೊದಲು ಹೋದ. ಚಿಲ್ಲರೆ ಎರಡೇ ದಿನ ತಾಳಿತು. ಇನ್‌ಸ್ಪೆಕ್ಟರೂ ಕಿಟಕಿ ಸೀಟೂ ಒಂದೇ ದಿನ. ಕೊನೇ ಸ್ಟಾಪು ಚೇತರಿಸಿಕೊಂಡಂತೆ ಕಂಡಿತು, ಅರ್ಧ ಚಮಚ ನೆಕ್ಕಿತು, ಅವಳ ಅಂಗೈ ಮೇಲೆ ಗುರುಗುಟ್ಟುತ್ತಲೇ ತಣ್ಣಗಾಯಿತು. ಒಂದೊಂದನ್ನೂ ದಿಂಬಿನ ಹಳೆಯ ಚೀಲದ ತುಂಡಿನಲ್ಲಿ ಸುತ್ತಿ ಕೊಟ್ಟಾಗ ತಮ್ಮ ಪೆಟ್ಟಿಗೆಯಲ್ಲಿಟ್ಟು ಸುಡಿಸಲೆಂದು ಡಾಕ್ಟರಲ್ಲಿಗೆ ಒಯ್ದ.

ಉಳಿದವನು ಫುಟ್‌ಬೋರ್ಡು ಒಬ್ಬನೇ. ಎಂಟನೆಯ ದಿನ ಬೆಳಿಗ್ಗೆ ಎದ್ದು ನಿಂತು, ತತ್ತರಿಸಿ, ತಟ್ಟೆಯಲ್ಲಿ ಮುಖ ಅದ್ದಿದ.

ಅದೇ ಬೆಳಿಗ್ಗೆ ತಮ್ಮ ಹೊರಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಕೆಲಸದ ಶೂ ಉಜ್ಜುತ್ತಿದ್ದ. ಒಂದೇ ಶೂವನ್ನು ಬಹಳ ಹೊತ್ತಿನಿಂದ ಉಜ್ಜುತ್ತಿದ್ದ.

"ಅಕ್ಕ, ಇದು ನನ್ನಿಂದಾನೇ ಆಗಿದ್ದು," ಎಂದ ತಲೆಯೆತ್ತದೆ. "ಡಿಪೋ ತುಂಬ ಬೀದಿ ಬೆಕ್ಕುಗಳು. ಎರಡು ಸಲ ಶೂ ಬಿಚ್ಚದೆ ಕೋಣೆಗೆ ಹೋಗಿದ್ದೆ. ನೀನು ಬೈತೀಯ ಅಂತ ಹೇಳಲಿಲ್ಲ."

ನಿಜವನ್ನು ಆಗಲೇ ಹೇಳಬೇಕಿತ್ತು. ಆದರೆ ಹೇಳಿದರೆ ಮುಂದಿನ ಪ್ರಶ್ನೆಗೆ ಉತ್ತರಿಸಬೇಕು, ಅವನ ಮುಖ ನೋಡಬೇಕು. ಒಂದು ವಾರದಿಂದ ಕಣ್ಣು ಮುಚ್ಚದವಳಿಗೆ ಅಷ್ಟು ದೂರ ನಡೆಯಲಾಗಲಿಲ್ಲ.

"ಇರ್ಲಿ ಬಿಡು," ಎಂದಳು.

ಅವನು ಅದನ್ನು ಕ್ಷಮೆ ಎಂದುಕೊಂಡ. ಮುಖ ಅತ್ತ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿದ.

ಮಾರನೆಯ ದಿನ ಅವನು ಒಂದೂ ಹಾಸ್ಯದ ಮಾತಾಡಲಿಲ್ಲ. ಅದರ ಮರುದಿನ ಊಟದ ತಟ್ಟೆಯನ್ನು ಹಾಗೇ ಎತ್ತಿಟ್ಟ. ಮನೆಯೊಳಗೆ ಕಾಲಿಡುವ ಮುನ್ನ ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡುತ್ತಿದ್ದ, ಅವು ತಪ್ಪಿತಸ್ಥರೆಂಬಂತೆ. ಆ ಚೀಲದ ಗಂಟನ್ನು ನೋಡಿದಾಗ ನರ್ಸಮ್ಮನಿಗೆ ಸಾಕೆನಿಸಿತು.

"ಕೂತ್ಕೋ," ಎಂದಳು. "ನಿನ್ನ ಶೂದಿಂದ ಬಂದಿದ್ದಲ್ಲ. ಆ ಒಂಟಿ ಮರಿಯಿಂದ ಬಂತು. ನಾನೇ ಸೇರಿಸಿದ್ದು. ಸೇರಿಸಬಾರದು ಅಂತ ಗೊತ್ತಿತ್ತು. ಏಪ್ರನ್ ಬದಲಾಯಿಸೋಕೆ ಆಗಲಿಲ್ಲ, ಸೇರಿಸಿದೆ."

"ನೋಡಿದೀನಿ ಅಂದೆಯಲ್ಲ?"

"ಸುಳ್ಳು ಹೇಳಿದೆ."

ತಮ್ಮ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಆಚೆ ಸರಿಸಿದ, ಮತ್ತೆ ಈಚೆ ಸರಿಸಿದ. ಅವನು ಸಿಟ್ಟಾದದ್ದನ್ನು ಅವಳು ನೋಡಿದ್ದೇ ಕಡಿಮೆ.

"ಮರಿಗಳ ಮಾತು ಬಿಡು. ಎರಡು ದಿನ, ಅಕ್ಕ. ಎರಡು ದಿನ ಬಸ್ ತುಂಬ ಜನ ಇಟ್ಕೊಂಡು ಅಳ್ತಾ ಓಡಿಸಿದೀನಿ ನಾನು. ಸಿಗ್ನಲ್ ಕಾಣ್ತಿರಲಿಲ್ಲ. ನೀನು ಇಲ್ಲಿ ಕೂತು ನೋಡ್ತಾ ಇದ್ದೆ."

"ಹೌದು."

"ಹೌದು ಅಂತೆ!" ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದ. ಅವನ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಮ್ಯಾನೇಜರಮ್ಮನಿಗೆ ಹೇಳುವುದು ಇನ್ನೂ ಬಾಕಿಯಿತ್ತು. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬರಹೇಳಿದಳು. ಈ ಬಾರಿ ಮ್ಯಾನೇಜರಮ್ಮ ಒಳಗೆ ಬಂದು ಕೂತಳು, ಪೂರ್ತಿ ಕೇಳಿದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

"ಹೊಸಬರು ಮಾಡಿದ್ರೆ ಗೊತ್ತಿಲ್ಲ ಪಾಪ ಅನ್ಕೋತಿದ್ದೆ. ಮೂವತ್ತೆರಡು ವರ್ಷ ವಾರ್ಡಲ್ಲಿ ಇದ್ದೋರು ನೀವು."

ನರ್ಸಮ್ಮ ತಲೆ ತಗ್ಗಿಸಿದಳು.

"ಸುಸ್ತಾಗಿದೆ, ಇದೊಂದು ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ ನನಗೆ?"

"ಹೇಳಿದ್ರೆ ತರ್ತಿರಲಿಲ್ವಾ?"

ಮ್ಯಾನೇಜರಮ್ಮ ಕಿಟಕಿಯ ಕಡೆ ನೋಡಿದಳು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ತರ್ತಿದ್ದೆ," ಎಂದಳು ಕೊನೆಗೆ. ಚೀಲದಿಂದ ಕಾಗದ ತೆಗೆದು ಐದು ಸಾವುಗಳನ್ನು ಬರೆದುಕೊಂಡಳು. ಈ ರೋಗ ನೆಲದಲ್ಲಿ, ಗೋಡೆಯಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಬ್ಲೀಚಿಂಗ್ ಹಾಕಿ ತೊಳೆದರೂ ಆರು ತಿಂಗಳು ಈ ಮನೆಗೆ ಮರಿ ಕೊಡುವಂತಿಲ್ಲ ಎಂದಳು. ಚಹಾ ಕುಡಿಯದೆ ಹೊರಟಳು.

ಮರುದಿನ ತಮ್ಮನಿಗೆ ರಜೆ. ನರ್ಸಮ್ಮ ಎದ್ದು ನೋಡಿದರೆ ಅವನು ಪ್ಯಾಂಟು ಮೊಣಕಾಲಿಗೆ ಮಡಚಿ, ಮೂಗಿಗೆ ಕರವಸ್ತ್ರ ಕಟ್ಟಿ, ಸಾಮಾನು ಕೋಣೆಯ ನೆಲಕ್ಕೆ ಬ್ಲೀಚಿಂಗ್ ನೀರು ಸುರಿಯುತ್ತಿದ್ದ. ಹಳೆಯ ಚಾದರ, ರಟ್ಟಿನ ಡಬ್ಬ, ಟವೆಲು ಎಲ್ಲ ಆಗಲೇ ಬಿಸಾಡುವ ಚೀಲ ಸೇರಿದ್ದವು. ಅವಳೂ ಒಂದು ಬ್ರಷ್ಷು ಹಿಡಿದು ಮಂಡಿಯೂರಿದಳು. ಇಬ್ಬರೂ ಗೋಡೆಯಿಂದ ಗೋಡೆಗೆ ಉಜ್ಜುತ್ತಾ ಬಂದರು.

"ರ‍್ಯಾಕಿನ ಕೆಳಗೆ ನೀನು ಉಜ್ಜು," ಎಂದ ಅವನು. "ನನ್ನ ಹೊಟ್ಟೆ ಅಡ್ಡ ಬರುತ್ತೆ."

ಅವಳು ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು, ಬ್ಲೀಚಿಂಗ್ ವಾಸನೆಗೆ ಕಣ್ಣು ಉರಿಯಿತೆಂದು ನೆಪ ಹೇಳಿದಳು. ಅವನು ಎದ್ದು ಕಿಟಕಿ ತೆರೆದ.

ಕೋಣೆಗೆ ಬೀಗ ಹಾಕಿದರು. ಫುಟ್‌ಬೋರ್ಡು ಮೈ ತುಂಬಿಕೊಳ್ಳುವವರೆಗೆ ಎರಡು ತಿಂಗಳು ತಮ್ಮನ ಮಂಚದ ಮೇಲೆ ಬೆಳೆದ. ಮನೆಯಲ್ಲಿ ಬೇರೆ ಬೆಕ್ಕಿಲ್ಲದವರೇ ಅವನನ್ನು ಒಯ್ಯಬೇಕಿತ್ತು. ಕೊನೆಗೆ ಡಿಪೋದಲ್ಲಿ ಟೈರ್ ಬದಲಿಸುವವನು ಹೆಂಡತಿಯೊಂದಿಗೆ ಬಂದ; ದೊಡ್ಡ ಕರಿ ಕೈಗಳು, ಮರಿಯನ್ನು ಎತ್ತಿಕೊಳ್ಳಲು ಹೆದರುವ ಕೈಗಳು. ಎತ್ತಿಕೊಳ್ಳುವ ಮುನ್ನ ಹೇಳದೆಯೇ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ. ಅಷ್ಟು ಸಾಕಾಯಿತು ನರ್ಸಮ್ಮನಿಗೆ. "ಬಾಲ್ಕನಿ ಬಾಗಿಲು ಹಾಕಿಟ್ಕೊಳ್ಳಪ್ಪ, ಇವನು ಜಿಗಿಯೋ ಗಿರಾಕಿ" ಎಂದು ತಮ್ಮ ಮೂರು ಸಲ ಹೇಳಿ ಕಳಿಸಿದ.

ಉಳಿದ ತಿಂಗಳುಗಳಲ್ಲಿ ನರ್ಸಮ್ಮ ಮಲಗಿದಳು. ಮೊದಮೊದಲು ಎರಡೆರಡು ಗಂಟೆಗೆ ಎಚ್ಚರವಾಗಿ, ಯಾವ ಬಾಯಿಗೂ ಏನೂ ಹಾಕಬೇಕಾಗಿಲ್ಲವೆಂದು ನೆನಪಾಗಿ, ಸೂರು ನೋಡುತ್ತಿದ್ದಳು. ಮೈಗೆ ಅದು ಅಭ್ಯಾಸವಾಗಲು ತಿಂಗಳಾಯಿತು. ಆಮೇಲೆ ನಿದ್ದೆ ಬಂತು, ಉದ್ದಕ್ಕೆ, ಕನಸಿಲ್ಲದೆ. ಸೊಂಟದ ನೋವು ಅರ್ಧ ಇಳಿಯಿತು. ಇನ್ನರ್ಧ ಅವಳದೇ ವಯಸ್ಸಿನದು ಎಂದರು ಡಾಕ್ಟರು, ಮನುಷ್ಯರ ಡಾಕ್ಟರು.

ಆರು ತಿಂಗಳ ಮೇಲೆ ಹನ್ನೊಂದು ದಿನ ಕಳೆದಾಗ ಮ್ಯಾನೇಜರಮ್ಮನ ಫೋನು ಬಂತು. ದನಿಯಲ್ಲಿ ಹಳೆಯ ಸಿಟ್ಟಿರಲಿಲ್ಲ; ಹಿಂದೆ ಕಾರು, ನಾಯಿ, ಯಾರದೋ ಕೂಗು.

"ನಾಲ್ಕು ಮರಿ, ನರ್ಸಮ್ಮ. ಮೂರು ವಾರದವು. ನೆಗಡಿ ಬಿಟ್ರೆ ಬೇರೇನಿಲ್ಲ."

"ಎರಡು ಕೊಡಿ."

"ಒಂದೇ ತಾಯಿ ಮಕ್ಕಳು..."

"ಇನ್ನೆರಡಕ್ಕೆ ಬೇರೆ ಮನೆ ನೋಡಿ. ನನ್ನ ಕೈಲಿ ಎರಡಾಗುತ್ತೆ. ಮಧ್ಯದಲ್ಲಿ ಮೂರನೇದು ಬೇಡ. ನೀವು ತಂದ್ರೂ ನಾನು ಬಾಗಿಲು ತೆಗೆಯಲ್ಲ."

ಆ ಕಡೆ ಒಂದು ಉಸಿರು. ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ. "ನಾಳೆ ಹನ್ನೊಂದಕ್ಕೆ ತರ್ತೀನಿ," ಎಂದು ಮ್ಯಾನೇಜರಮ್ಮ ಫೋನಿಟ್ಟಳು.

ಮಧ್ಯಾಹ್ನದ ಎರಡು ಗಂಟೆ. ಸಿರಿಂಜು ಕುದಿಸಬೇಕು, ಹಾಲಿನ ಪುಡಿ ತರಬೇಕು, ತಮ್ಮನಿಗೆ ತಿಳಿಸಬೇಕು. ಅವನು ಈಗಲೇ ಹೆಸರು ಹುಡುಕಲು ಕೂರುತ್ತಾನೆ. ನರ್ಸಮ್ಮ ಒಮ್ಮೆ ಗಡಿಯಾರ ನೋಡಿದಳು. ಅದೆಲ್ಲ ಸಂಜೆಗಾಯಿತೆಂದು ಪರದೆ ಎಳೆದು, ಹೊದಿಕೆ ಕತ್ತಿನವರೆಗೆ ಎಳೆದುಕೊಂಡು ಮಗ್ಗುಲಾದಳು.